ಮಾವನವರ ಪಟ್ಟಿ

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಸೋದರಮಾವನವರ ಪತ್ನಿ ತೀರಿಕೊಂಡರು. ತೊಂಬತ್ತೆರಡು ವರ್ಷದ ತುಂಬುಬಾಳು. ಮನೆಯಲ್ಲಿ ದುಃಖಕ್ಕಿಂತ ನೆನಪಿನ ಮಾತೇ ಹೆಚ್ಚಾಗಿತ್ತು. ಹದಿಮೂರನೆಯ ದಿನದ ಊಟವಾದ ಮೇಲೆ ಅವರ ಮಗಳು ತಾಯಿಯ ತಗಡಿನ ಪೆಟ್ಟಿಗೆಯನ್ನು ಹಜಾರಕ್ಕೆ ತಂದು, ಒಳಗಿದ್ದ ವಸ್ತುಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಇಡತೊಡಗಿದಳು. ಎರಡು ಧರ್ಮಾವರದ ಸೀರೆ, ಕುಂಕುಮದ ಭರಣಿ, ಮದುವೆಯ ಕಾಲದ ಭಾವಚಿತ್ರ, ಕೆಲವು ಹಳೆಯ ಪಂಚಾಂಗಗಳು. ಎಲ್ಲಕ್ಕೂ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಮಡಿಸಿಟ್ಟ ಒಂದು ಹಾಳೆ. "ಭಾವ, ಇದು ನಿಮ್ಮ ಅಕ್ಷರ ಅಲ್ಲವೆ?" ಎಂದು ಅದನ್ನು ನನ್ನ ಕೈಗೆ ಕೊಟ್ಟಳು.

ಅಕ್ಷರವು ನನ್ನದೇ ಆಗಿತ್ತು. ಹಾಳೆಯ ತಲೆಯಲ್ಲಿ "ಐದೆಲೆಯ ಆಟದ ಸಂಭವಗಳ ಪಟ್ಟಿ" ಎಂದೂ, ಅದರ ಕೆಳಗೆ "ತೀರ್ಥರೂಪ ಸಮಾನರಾದ ಮಾವನವರಿಗೆ" ಎಂದೂ, ಮೂಲೆಯಲ್ಲಿ "೧೯೬೮, ದಸರೆಯ ರಜೆ" ಎಂದೂ ದುಂಡಗೆ ಬರೆದಿತ್ತು. ಆಗ ನನಗೆ ಇಪ್ಪತ್ತು ವರ್ಷ, ಮೈಸೂರಿನಲ್ಲಿ ಬಿ.ಎಸ್‌ಸಿ. ತರಗತಿಯಲ್ಲಿ ಗಣಿತವನ್ನು ಓದುತ್ತಿದ್ದೆ. ಆಮೇಲೆ ಮೂವತ್ತನಾಲ್ಕು ವರ್ಷ ಕಾಲ ಅದೇ ಗಣಿತವನ್ನು ಇತರರಿಗೆ ಹೇಳಿಕೊಟ್ಟು ನಿವೃತ್ತನಾಗಿದ್ದೇನೆ. ಮೇಷ್ಟರ ಕಣ್ಣಿಗೆ ಅಭ್ಯಾಸವೊಂದು ಅಂಟಿಕೊಂಡಿರುತ್ತದೆ: ಯಾವ ಹಾಳೆಯೇ ಆಗಲಿ, ಮೊದಲು ತಪ್ಪು ಕಾಣುತ್ತದೆ, ಅನಂತರ ಉಳಿದದ್ದು. ಅಲ್ಲಿಯೇ ಚಾಪೆಯ ಮೇಲೆ ಕುಳಿತು ಓದುತ್ತಿರುವಾಗ ಒಂಬತ್ತನೆಯ ಸಾಲಿನಲ್ಲಿ ನನ್ನ ತಪ್ಪು ನನಗೆ ಕಾಣಿಸಿತು.

ಜೂಜಿನ ಲೆಕ್ಕವನ್ನು ಇಂತಹ ಪತ್ರಿಕೆಯಲ್ಲಿ ತರುವುದು ಉಚಿತವೆ ಎಂದು ಕೆಲವರು ವಾಚಕರು ಹುಬ್ಬೇರಿಸಬಹುದು. ಅಂಥವರಿಗೆ ನಳಮಹಾರಾಜನ ಕಥೆಯನ್ನು ಜ್ಞಾಪಿಸುತ್ತೇನೆ. ರಾಜ್ಯವನ್ನು ಜೂಜಿನಲ್ಲಿ ನೀಗಿಕೊಂಡು ಬಾಹುಕನಾಗಿ ಋತುಪರ್ಣನ ರಥವನ್ನು ಹೊಡೆಯುತ್ತಿದ್ದ ನಳನಿಗೆ ಆ ರಾಜನು ದಾರಿಯಲ್ಲಿ ಒಂದು ತಾರೆಯ ಮರವನ್ನು ತೋರಿಸಿ, ಅದರ ಎಲೆ ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರದಿಂದಲೇ ಹೇಳಿದನಷ್ಟೆ. ನಳನು ನಂಬದೆ ಮರವನ್ನು ಕಡಿಸಿ ಎಣಿಸಿ ನೋಡಿದನು. ಲೆಕ್ಕ ಸರಿಯಾಗಿಯೇ ಇತ್ತು. ಆಗ ಅಶ್ವಹೃದಯವನ್ನು ಕೊಟ್ಟು ಅಕ್ಷಹೃದಯವನ್ನು ಪಡೆದನು. ಪಡೆದೊಡನೆ ಕಲಿಯು ಅವನ ಮೈಯಿಂದ ಹೊರಬಿದ್ದನು. ತಾರೆಯ ಕಾಯಿಯೇ ಆ ಕಾಲದ ದಾಳವಾಗಿದ್ದುದರಿಂದ ಕವಿಯು ಆ ಮರವನ್ನು ಸುಮ್ಮನೆ ತಂದಿಲ್ಲ. ಎಣಿಕೆಯನ್ನು ಬಲ್ಲವನಿಗೆ ಜೂಜು ವಶವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಹಳೆಯದು. ಇಸ್ಪೀಟಿನ ಎಲೆಗಳೂ ನಮ್ಮ ನಾಡಿಗೆ ಹೊಸತಲ್ಲ; ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವು ಗಂಜೀಫಾ ಎಲೆಗಳ ಆಟಗಳಿಗೇ ಮೀಸಲಾಗಿದೆ.

ನಮ್ಮ ಮಾವನವರಾದರೊ ನಳನಂತೆ ರಾಜ್ಯವನ್ನು ಆಳಿದವರಲ್ಲ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ತಿಂಗಳಿಗೆ ನೂರೈವತ್ತು ರೂಪಾಯಿ ಸಂಬಳ, ಇರಲು ಹೆಂಚಿನ ಮನೆ, ಹಬ್ಬಕ್ಕೆ ಒಂದು ಮೂಟೆ ಅಕ್ಕಿ. ಆಳುಗಳ ಹಾಜರಿಯನ್ನೂ ಬಟವಾಡೆಯ ಲೆಕ್ಕವನ್ನೂ ಅವರು ಬರೆಯುತ್ತಿದ್ದ ಚೊಕ್ಕತನವನ್ನು ನೋಡಿದವರು ಇವರಿಗೆ ಜೂಜಿನ ಚಪಲ ಇದ್ದೀತೆಂದು ಊಹಿಸಲಾರರು. ಶನಿವಾರ ಸಾಯಂಕಾಲ ಮಾತ್ರ ಬಿಳಿಯ ಅಂಗಿಯನ್ನು ತೊಟ್ಟು, ಬ್ಯಾಟರಿಯನ್ನು ಹಿಡಿದು ಪೇಟೆಯ ಕ್ಲಬ್ಬಿಗೆ ಇಳಿದು ಹೋಗುತ್ತಿದ್ದರು. ಊರಿನ ಇತರರು ಅಲ್ಲಿ ರಮ್ಮಿಯನ್ನೊ ಮೂರೆಲೆಯನ್ನೊ ಆಡುತ್ತಿದ್ದರೆ, ಒಳಕೋಣೆಯ ಒಂದು ಮೇಜಿನಲ್ಲಿ ಐವರು ಪೋಕರ್ ಆಡುತ್ತಿದ್ದರು. ಹಿಂದೆ ತೋಟದ ದೊರೆಗಳು ಆಡುತ್ತಿದ್ದ ಆಟ, ಅವರ ಬಟ್ಲರುಗಳ ಕಣ್ಣಿನ ಮೂಲಕ ರೈಟರುಗಳ ಕೈಗೆ ಇಳಿದು ಬಂದಿತೆಂದು ಮಾವನವರು ಹೇಳುತ್ತಿದ್ದರು.

ಆಟದ ಕ್ರಮ ಸುಲಭ. ಎಲೆ ಹಂಚುವುದಕ್ಕೆ ಮೊದಲು ಪ್ರತಿಯೊಬ್ಬನೂ ನಾಲ್ಕಾಣೆಯನ್ನು ನಡುವೆ ಹಾಕಬೇಕು. ಒಬ್ಬೊಬ್ಬನಿಗೆ ಐದು ಎಲೆ. ನೋಡಿಕೊಂಡು ಪಣ ಕಟ್ಟುವುದು, ಅಥವಾ ಎಲೆಗಳನ್ನು ಮಗುಚಿಟ್ಟು ಸುಮ್ಮನಾಗುವುದು. ಉಳಿದವರು ಬೇಡವಾದ ಎಲೆಗಳನ್ನು ಎಸೆದು ಅಷ್ಟೇ ಹೊಸ ಎಲೆಗಳನ್ನು ತೆಗೆದುಕೊಳ್ಳಬಹುದು. ಮತ್ತೆ ಪಣ, ಕೊನೆಗೆ ಕೈಬಿಚ್ಚಿ ತೋರಿಸುವುದು. ಎಲೆಗಳು ಕೂಡಿಕೊಳ್ಳುವ ರೀತಿಗಳಿಗೆ ಮಾವನವರು ತಮ್ಮವೇ ಆದ ಹೆಸರುಗಳನ್ನು ಇಟ್ಟುಕೊಂಡಿದ್ದರು. ಒಂದೇ ಬೆಲೆಯ ಎರಡು ಎಲೆ ಜೋಡಿ, ಮೂರಿದ್ದರೆ ಮೂರೊಂದೇ, ನಾಲ್ಕಿದ್ದರೆ ನಾಲ್ಕೊಂದೇ. ಐದು ಎಲೆ ಅನುಕ್ರಮವಾಗಿ ಬಂದರೆ ಸಾಲು; ಐದೂ ಒಂದೇ ಜಾತಿಯವಾದರೆ ರಂಗು. ಮೂರೊಂದೇ ಮತ್ತು ಜೋಡಿ ಸೇರಿದರೆ ತುಂಬಿದ ಮನೆ. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಇವೈದೂ ಒಂದೇ ರಂಗಿನಲ್ಲಿ ಸಾಲಾಗಿ ಬಂದರೆ ಅದಕ್ಕೆ ಪಟ್ಟಾಭಿಷೇಕ ಎಂದು ಹೆಸರು. ಇಂಗ್ಲಿಷಿನ ಹೆಸರುಗಳಿಗಿಂತ ಇವೇ ನನಗೆ ಇಂದಿಗೂ ಬಾಯಿಗೆ ಬರುತ್ತವೆ.

ಆ ದಸರೆಯ ರಜೆಯಲ್ಲಿ ನಾನು ತೋಟಕ್ಕೆ ಹೋಗಿದ್ದಾಗ ಸಂಭವಶಾಸ್ತ್ರದ ಮೊದಲ ಅಧ್ಯಾಯಗಳು ತಾನೆ ತಲೆಗೆ ಹತ್ತಿದ್ದವು. ಕಂಡದ್ದನ್ನೆಲ್ಲ ಭಿನ್ನರಾಶಿಯಾಗಿ ನೋಡುವ ಹುಚ್ಚು. ಮಾವನವರು ಒಂದು ರಾತ್ರಿ ಊಟವಾದ ಮೇಲೆ ಎಲೆಯ ಕಟ್ಟನ್ನು ನನ್ನ ಮುಂದಿಟ್ಟು, "ಅಳಿಯದೇವರೆ, ಇದು ನಿಮ್ಮ ಗಣಿತಕ್ಕೆ ನಿಲುಕುತ್ತದೆಯೊ ನೋಡಿ" ಎಂದರು. ನನ್ನ ವಿದ್ಯೆಯನ್ನು ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಎರಡು ರಾತ್ರಿ ಲಾಟೀನಿನ ಮುಂದೆ ಕುಳಿತೆ.

ಐವತ್ತೆರಡು ಎಲೆಗಳಲ್ಲಿ ಐದನ್ನು ಎಷ್ಟು ಬಗೆಯಾಗಿ ಆರಿಸಬಹುದು? ಮೇಲಿನ ಸಾಲಿನಲ್ಲಿ ೫೨, ೫೧, ೫೦, ೪೯, ೪೮ ಎಂದು ಇಳಿಯುತ್ತ ಬರೆದು ಗುಣಿಸಬೇಕು. ಕೆಳಗೆ ೧, ೨, ೩, ೪, ೫ ಎಂದು ಏರುತ್ತ ಬರೆದು ಗುಣಿಸಬೇಕು. ಮೇಲಿನದನ್ನು ಕೆಳಗಿನದರಿಂದ ಭಾಗಿಸಬೇಕು. ೩೧,೧೮,೭೫,೨೦೦ನ್ನು ೧೨೦ರಿಂದ ಭಾಗಿಸಿದರೆ ೨೫,೯೮,೯೬೦. ಈ ಸೂತ್ರವನ್ನು ನಾನು ಇಂಗ್ಲಿಷ್ ಪುಸ್ತಕದಿಂದ ಕಲಿತವನು. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇದನ್ನೇ ಸಾಮಾನ್ಯ ನಿಯಮವಾಗಿ ಹೇಳಿದ್ದಾನೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ಜೈನ ಪಂಡಿತನು ಕೊಟ್ಟ ಉದಾಹರಣೆ ಇಸ್ಪೀಟಿನದಲ್ಲ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳದು. ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರೂ ಕೂಡುವವರೆಗೆ ಎಣಿಸಿದರೆ ೬೩ ಬಗೆಯಾಗುತ್ತದೆ. ಅಡಿಗೆಮನೆಯಲ್ಲಿ ಹುಟ್ಟಿದ ಲೆಕ್ಕವನ್ನು ನಾನು ಕ್ಲಬ್ಬಿನ ಮೇಜಿಗೆ ಎಳೆದೆನೆಂದಾಯಿತು.

ಪಟ್ಟಿಯ ಮೊದಲ ಭಾಗವು ಹಂಚಿದ ಎಲೆಗಳಿಗೆ ಸಂಬಂಧಿಸಿದ್ದು. ಇಪ್ಪತ್ತೈದು ಲಕ್ಷ ಚಿಲ್ಲರೆ ಕೈಗಳಲ್ಲಿ ಏನೂ ಕೂಡದ ಬರಿಯ ಕೈಗಳೇ ೧೩,೦೨,೫೪೦, ಎಂದರೆ ಅರ್ಧಕ್ಕಿಂತ ಒಂದಿಷ್ಟು ಹೆಚ್ಚು. ಒಂದು ಜೋಡಿಯುಳ್ಳವು ೧೦,೯೮,೨೪೦. ಇವೆರಡೂ ಸೇರಿದರೆ ನೂರಕ್ಕೆ ತೊಂಬತ್ತೆರಡಕ್ಕೂ ಮಿಕ್ಕು. ಆಟಗಾರರು ಹಗಲಿರುಳು ಮಾತನಾಡುವ ಸಾಲು, ರಂಗು, ತುಂಬಿದ ಮನೆಗಳೆಲ್ಲ ಉಳಿದ ಎಂಟು ಪಾಲಿನ ಒಳಗೆ ಇಕ್ಕಟ್ಟಾಗಿ ಕುಳಿತಿವೆ. ಸಾಲು ೧೦,೨೦೦, ರಂಗು ೫,೧೦೮, ತುಂಬಿದ ಮನೆ ೩,೭೪೪, ನಾಲ್ಕೊಂದೇ ೬೨೪. ಪಟ್ಟಾಭಿಷೇಕ ಬರುವುದು ನಾಲ್ಕೇ ಬಗೆಯಲ್ಲಿ, ಅಂದರೆ ೬,೪೯,೭೪೦ ಕೈಗಳಿಗೆ ಒಂದು. ವಾರಕ್ಕೆ ಎರಡು ರಾತ್ರಿ, ರಾತ್ರಿಗೆ ಎಂಬತ್ತು ಕೈ ಆಡುವವನು ಹಂಚಿದ ಎಲೆಯಲ್ಲಿಯೇ ಅದನ್ನು ನೋಡಬೇಕಾದರೆ ಸರಾಸರಿ ಎಪ್ಪತ್ತೆಂಟು ವರ್ಷ ಬೇಕು. ಇದನ್ನು ಹೇಳಿದಾಗ ಮಾವನವರು ನಕ್ಕು, "ದಶರಥನಿಗೂ ಪಟ್ಟಾಭಿಷೇಕ ನೋಡಲಾಗಲಿಲ್ಲ, ಬಿಡು" ಎಂದರು.

ಈ ಆಟವು ಹುಟ್ಟಿದ್ದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದಿಂದ ಮಿಸಿಸಿಪ್ಪಿ ನದಿಯ ಹೊಗೆಹಡಗುಗಳನ್ನು ಹತ್ತಿ ಮೇಲಕ್ಕೆ ಹೋಯಿತು. ಆಗ ಅದನ್ನು ಇಪ್ಪತ್ತೇ ಎಲೆಗಳಿಂದ ನಾಲ್ವರು ಆಡುತ್ತಿದ್ದರು. ಎಲ್ಲ ಎಲೆಗಳೂ ಹಂಚಿಹೋಗುತ್ತಿದ್ದುದರಿಂದ ಬದಲಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಐವತ್ತೆರಡು ಎಲೆ ಬಂದಮೇಲೆ ಬದಲಿಸುವುದೂ ರಂಗೂ ಬಂದುವು. ಸಾಲು ಸೇರಿಕೊಂಡದ್ದು ಅದಕ್ಕೂ ಈಚೆಗೆ, ಸುಮಾರಾಗಿ ಅವರ ಅಂತರ್ಯುದ್ಧದ ಕಾಲಕ್ಕೆ, ಎಂದರೆ ೧೮೬೧ರಿಂದ ೧೮೬೫ರ ಆಸುಪಾಸಿನಲ್ಲಿ. ಎಲ್ಲಿಯೋ ನದಿಯ ಮೇಲೆ ಯಾರೋ ಸೇರಿಸಿದ ಈ ಒಂದು ನಿಯಮ ಇಲ್ಲದೆ ಹೋಗಿದ್ದರೆ ನನ್ನ ಒಂಬತ್ತನೆಯ ಸಾಲೂ ಇರುತ್ತಿರಲಿಲ್ಲ. ಲೆಕ್ಕದ ಶಾಸ್ತ್ರವು ಆಟಕ್ಕಿಂತ ಹಳೆಯದು. ೧೬೫೪ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಪಂಡಿತರು ನಡುವೆ ನಿಂತುಹೋದ ಜೂಜಿನ ಪಣವನ್ನು ಹೇಗೆ ಹಂಚಬೇಕೆಂದು ಪತ್ರವ್ಯವಹಾರ ಮಾಡಿದುದರಿಂದ ಅದು ಬೆಳೆಯಿತು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಂದಾದರೂ ಆರು ಬೀಳುವ ಸಂಭವ ನೂರಕ್ಕೆ ೫೨ರಷ್ಟು. ಎರಡು ದಾಳಗಳನ್ನು ಇಪ್ಪತ್ತನಾಲ್ಕು ಸಲ ಎಸೆದರೆ ಜೋಡಿ ಆರು ಬೀಳುವ ಸಂಭವ ೪೯ರಷ್ಟು. ಮೂರೇ ಮೂರು ಅಂಶದ ಈ ಅಂತರದಲ್ಲಿ ಒಂದು ಪಕ್ಷವು ಗೆಲ್ಲುವ ಪಂದ್ಯವಾಗುತ್ತದೆ, ಇನ್ನೊಂದು ಸೋಲುವ ಪಂದ್ಯವಾಗುತ್ತದೆ.

ಮಾವನವರಿಗೆ ನಿಜವಾಗಿ ಬೇಕಾಗಿದ್ದುದು ಪಟ್ಟಿಯ ಎರಡನೆಯ ಭಾಗ. ಎಲೆ ಬದಲಿಸುವಾಗ ಕೈ ಸುಧಾರಿಸುವುದೆಷ್ಟು ಸಲ? ನಮ್ಮ ಕೈಯಲ್ಲಿ ಐದು ಎಲೆಯನ್ನು ನೋಡಿದ್ದೇವೆ. ನೋಡದೆ ಉಳಿದದ್ದು ನಲವತ್ತೇಳು. ಆ ನಲವತ್ತೇಳರಲ್ಲಿ ನಮಗೆ ಒದಗುವ ಎಲೆಗಳೆಷ್ಟು ಎಂದು ಎಣಿಸಿದರೆ ಮುಗಿಯಿತು. ಒಂದು ಜೋಡಿಯನ್ನು ಹಿಡಿದು ಮೂರು ಎಲೆ ಬದಲಿಸಿದರೆ ನೂರಕ್ಕೆ ಸುಮಾರು ೨೯ ಸಲ ಸುಧಾರಿಸುತ್ತದೆ. ಮೂರೊಂದೇ ಹಿಡಿದು ಎರಡನ್ನು ಬದಲಿಸಿದರೆ ನೂರಕ್ಕೆ ಸುಮಾರು ೧೦. ಎರಡು ಜೋಡಿಯನ್ನು ಹಿಡಿದು ಒಂದನ್ನು ಬದಲಿಸಿದರೆ ತುಂಬಿದ ಮನೆಯಾಗುವುದು ೪೭ರಲ್ಲಿ ೪. ನಾಲ್ಕು ಒಂದೇ ರಂಗಿದ್ದರೆ ಐದನೆಯದು ದೊರೆಯುವುದು ೪೭ರಲ್ಲಿ ೯, ಐದಕ್ಕೆ ಒಂದರಂತೆ.

ಎಂಟನೆಯ ಸಾಲು ಎರಡು ಕಡೆಯೂ ತೆರೆದ ಸಾಲಿನದು. ಆರು, ಏಳು, ಎಂಟು, ಒಂಬತ್ತು ಕೈಯಲ್ಲಿವೆ ಎನ್ನೋಣ. ಕೆಳಗೆ ಐದು ಬಂದರೂ ಆದೀತು, ಮೇಲೆ ಹತ್ತು ಬಂದರೂ ಆದೀತು. ಐದುಗಳು ನಾಲ್ಕು, ಹತ್ತುಗಳು ನಾಲ್ಕು, ೪೭ರಲ್ಲಿ ೮. ಆರಕ್ಕೆ ಒಂದರಂತೆ. ಅದನ್ನು ಸರಿಯಾಗಿ ಬರೆದಿದ್ದೆ. ಒಂಬತ್ತನೆಯದು ನಡುವೆ ತಪ್ಪಿದ ಸಾಲು. ಐದು, ಆರು, ಎಂಟು, ಒಂಬತ್ತು ಇವೆ; ಏಳೊಂದೇ ಬರಬೇಕು. ಏಳುಗಳು ಕಟ್ಟಿನಲ್ಲಿ ಇರುವುದೇ ನಾಲ್ಕು. ೪೭ರಲ್ಲಿ ೪, ಹನ್ನೆರಡಕ್ಕೆ ಒಂದರಂತೆ. ನನ್ನ ಹಾಳೆಯಲ್ಲಿ ಆ ಜಾಗದಲ್ಲಿ ಅಂಕಿಯೇ ಇರಲಿಲ್ಲ. "ಮೇಲಿನಂತೆ" ಎಂಬುದರ ಗುರುತಾಗಿ ಎರಡು ಪುಟ್ಟ ಗೀಟುಗಳಿದ್ದವು. ಸರಿಯಾದ ೪ ಅದೇ ಹಾಳೆಯಲ್ಲಿ, ಎರಡು ಜೋಡಿಯ ಎದುರಿಗೆ, ಮೇಲೆಯೇ ಕುಳಿತಿತ್ತು.

ಏಕೆ ಹಾಗೆ ಬರೆದೆ? ಬೆಳಗಿನ ಬಸ್ಸಿಗೆ ಹೊರಡಬೇಕಾಗಿತ್ತು. ಲಾಟೀನಿನ ಎಣ್ಣೆ ತೀರುತ್ತ ಬಂದಿತ್ತು. ಇವು ನೆಪಗಳು. ಎರಡೂ ಸಾಲೇ ಅಲ್ಲವೆ ಎಂಬ ಉಡಾಫೆಯಿಂದ ಬರೆದೆನೆಂದು ಒಪ್ಪಿಕೊಳ್ಳುವುದೇ ಸರಿ. ತರಗತಿಯಲ್ಲಿ ಹುಡುಗರು ಹೀಗೆ ಬರೆದಾಗಲೆಲ್ಲ ಪೂರ್ಣ ಅಂಕವನ್ನು ಕಳೆದಿದ್ದೇನೆ.

ಈ ಅಂಕಿಗಳನ್ನು ಉಪಯೋಗಿಸುವ ಬಗೆಯನ್ನೂ ಹಾಳೆಯ ಬೆನ್ನಿನ ಮೇಲೆ ವಿವರಿಸಿದ್ದೆ, ಮತ್ತು ಆ ವಿವರಣೆ ನಿರ್ದುಷ್ಟವಾಗಿದೆ. ನಡುವಿನ ರಾಶಿಯಲ್ಲಿ ಆರು ರೂಪಾಯಿ ಇದೆ. ಒಂದು ರೂಪಾಯಿ ಹಾಕಿದರೆ ಎಲೆ ಬದಲಿಸಬಹುದು. ಸಾಲು ಕೂಡಿದರೆ ಗೆಲುವೇ ಎಂದು ಇಟ್ಟುಕೊಳ್ಳೋಣ. ತೆರೆದ ಸಾಲಾದರೆ ೪೭ ಸಲಗಳಲ್ಲಿ ೮ ಸಲ ಆರಾರು ರೂಪಾಯಿ ಬಂದು ನಲವತ್ತೆಂಟಾಗುತ್ತದೆ, ೩೯ ಸಲ ಒಂದೊಂದು ಹೋಗಿ ಮೂವತ್ತೊಂಬತ್ತಾಗುತ್ತದೆ. ಒಂಬತ್ತು ರೂಪಾಯಿ ಲಾಭ. ಆದಕಾರಣ ಹಾಕುವುದು ಜಾಣತನ. ನಡುವೆ ತಪ್ಪಿದ ಸಾಲಾದರೆ ಬರುವುದು ಇಪ್ಪತ್ತನಾಲ್ಕು, ಹೋಗುವುದು ನಲವತ್ತಮೂರು. ಹತ್ತೊಂಬತ್ತು ರೂಪಾಯಿ ನಷ್ಟ. ಮಗುಚಿಟ್ಟು ಕೈಕಟ್ಟಿ ಕೂರುವುದು ಜಾಣತನ. ಗೆಲುವು ಸೋಲಾಗಲು ಇಷ್ಟು ಸಾಕು. ನನ್ನ ಎರಡು ಗೀಟುಗಳು ಮಾವನವರಿಗೆ ಎರಡನೆಯ ಸಂದರ್ಭದಲ್ಲಿಯೂ ಹಾಕಿರೆಂದು ಹೇಳುತ್ತಿದ್ದವು.

ಅವರು ಹಾಕಿದರು. ಅದಕ್ಕೆ ಸಾಕ್ಷಿ ಹಾಳೆಯಲ್ಲಿಯೇ ಇದೆ. ಒಂಬತ್ತನೆಯ ಸಾಲಿನ ಬಲಗಡೆಯ ಅಂಚಿನಲ್ಲಿ, ಆಳುಗಳ ಹಾಜರಿಗೆ ಹಾಕುವಂತಹ ಸಣ್ಣ ಸಣ್ಣ ಗೀಟುಗಳು, ಪೆನ್ಸಿಲಿನವು, ನಾಲ್ಕರ ಮೇಲೆ ಒಂದು ಅಡ್ಡ. ಎಣಿಸಿದೆ: ಅರುವತ್ತೊಂದು. ಅವುಗಳಲ್ಲಿ ಐದಕ್ಕೆ ಸುತ್ತಲೂ ಸೊನ್ನೆ ಹಾಕಿದೆ. ಪ್ರಯತ್ನಕ್ಕೆ ಗೀಟು, ಕೂಡಿದ್ದಕ್ಕೆ ಸೊನ್ನೆ. ಬೇರೆ ಯಾವ ಸಾಲಿನ ಎದುರಿಗೂ ಇಂತಹ ಗುರುತುಗಳಿಲ್ಲ.

ನಿಜವಾದ ಸಂಭವದಂತೆ ಅರುವತ್ತೊಂದರಲ್ಲಿ ಐದು ಸಲ ಕೂಡಬೇಕು, ಕೂಡಿದ್ದೂ ಐದೇ. ಪ್ರಕೃತಿ ಇಷ್ಟು ಚೊಕ್ಕವಾಗಿ ನಡೆದುಕೊಳ್ಳುವುದು ಅಪರೂಪ. ನಾನು ಬರೆದಂತೆ ಹತ್ತು ಸಲ ಕೂಡಬೇಕಾಗಿತ್ತು. ನನ್ನ ಅಂಕಿ ಸರಿಯೆಂದೇ ಹಿಡಿದರೆ, ಐದು ಅಥವಾ ಅದಕ್ಕೂ ಕಡಮೆ ಬರುವುದು ನೂರಕ್ಕೆ ನಾಲ್ಕು ಸಲ ಮಾತ್ರ. ಮಾವನವರಿಗೆ ಈ ಕೊನೆಯ ಲೆಕ್ಕ ಗೊತ್ತಿರಲಿಲ್ಲ. ಆದರೆ ಆ ಸಾಲಿನ ಮೇಲೆ ಅವರಿಗೆ ಅನುಮಾನ ಹುಟ್ಟಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಇಲ್ಲದಿದ್ದರೆ ಅದೊಂದಕ್ಕೇ ಏಕೆ ಹಾಜರಿ ಹಾಕುತ್ತಿದ್ದರು? ಮೂವತ್ತು ಗೀಟು ಆದಾಗ ಒಂದು ಕಾರ್ಡು ಹಾಕಿ ನನ್ನನ್ನು ಕೇಳಬಹುದಾಗಿತ್ತು. ಕೇಳಲಿಲ್ಲ. ತನ್ನ ಕೈಯಿಂದ ಹಾಕಿದ ಗೀಟಿಗಿಂತ ಮೈಸೂರಿನಲ್ಲಿ ಓದುವ ಅಳಿಯನ ಅಂಕಿಯನ್ನು ನಂಬುವುದು ಮೇಲೆಂದುಕೊಂಡರೊ, ಹುಡುಗನ ಮನಸ್ಸು ನೊಂದೀತೆಂದು ಸುಮ್ಮನಾದರೊ, ಈಗ ಹೇಳುವವರಿಲ್ಲ.

ಮನೆಗೆ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ, ನನ್ನ ತಪ್ಪಿನ ಬೆಲೆಯನ್ನು ಕಟ್ಟಿದುದು. ಮನುಷ್ಯನ ಸ್ವಭಾವವೇ ಹಾಗೆ. ರಾಶಿಯಲ್ಲಿ ಆರು, ಹಾಕುವುದು ಒಂದು ಎಂಬ ಲೆಕ್ಕದಲ್ಲಿ ಪ್ರತಿ ಪ್ರಯತ್ನಕ್ಕೂ ನಲವತ್ತು ಪೈಸೆ ನಷ್ಟ. ಅರುವತ್ತೊಂದಕ್ಕೆ ಹೆಚ್ಚುಕಡಮೆ ಇಪ್ಪತ್ತೈದು ರೂಪಾಯಿ. ಗೀಟು ಹಾಕದೆ ಬಿಟ್ಟವು ಎಷ್ಟೋ ಇರಬಹುದು. ಎರಡರಷ್ಟೇ ಇರಲಿ, ಮೂರರಷ್ಟೇ ಇರಲಿ, ಎಪ್ಪತ್ತೈದನ್ನು ದಾಟದು. ಮಾವನವರ ಸಾಲ ಆರುನೂರು ರೂಪಾಯಿ. ಹೀಗೆ ಲೆಕ್ಕ ಹಾಕಿ ಪೆನ್ಸಿಲನ್ನು ಕೆಳಗಿಟ್ಟಾಗ ಮನಸ್ಸು ಒಂದಿಷ್ಟು ಹಗುರವಾದದ್ದು ನಿಜ.

ಹಾಗಾದರೆ ಉಳಿದ ಹಣ ಹೋದುದೆಲ್ಲಿಗೆ? ಅದನ್ನು ಹುಡುಕುವಾಗ ಮೇಜಿನ ಬಾಬ್ತು ಜ್ಞಾಪಕಕ್ಕೆ ಬಂದಿತು. ಕ್ಲಬ್ಬಿನವರು ಪ್ರತಿ ರಾಶಿಯಿಂದಲೂ ನಾಲ್ಕಾಣೆಯನ್ನು ಎತ್ತಿ ಒಂದು ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಎಲೆಗೆ, ದೀಪಕ್ಕೆ, ಕಾಫಿಗೆ. ಮಾವನವರೊಡನೆ ಒಮ್ಮೆ ಹೋಗಿದ್ದಾಗ ಆ ಡಬ್ಬಿಯನ್ನು ಕಣ್ಣಾರೆ ಕಂಡಿದ್ದೆ. ಗಂಟೆಗೆ ಹದಿನಾರು ಕೈ ಆಡಿದರೆ ನಾಲ್ಕು ರೂಪಾಯಿ. ಐದು ಗಂಟೆಗೆ ಇಪ್ಪತ್ತು. ಐವರಲ್ಲಿ ಹಂಚಿದರೆ ತಲೆಗೆ ನಾಲ್ಕು ರೂಪಾಯಿ. ವಾರಕ್ಕೊಂದು ರಾತ್ರಿಯಾದರೆ ವರ್ಷಕ್ಕೆ ೨೦೮ ರೂಪಾಯಿ, ಎರಡು ರಾತ್ರಿಯಾದರೆ ೪೧೬. ವರ್ಷಕ್ಕೆ ಸಾವಿರದ ಎಂಟುನೂರು ರೂಪಾಯಿ ಸಂಬಳದ ಮನುಷ್ಯ, ಐವರೂ ಸರಿಸಮನಾಗಿ ಆಡಿ ಯಾರೂ ಯಾರನ್ನೂ ಸೋಲಿಸದಿದ್ದರೂ ಕೂಡ, ಅಷ್ಟನ್ನು ಆ ತಗಡಿನ ಡಬ್ಬಿಗೆ ತೆತ್ತು ಏಳಬೇಕು. ಅಮೆರಿಕದ ಹಡಗಿನಲ್ಲಿಯೂ ಇದೇ, ಈಗಿನ ದೊಡ್ಡ ದೊಡ್ಡ ಜೂಜುಮನೆಗಳಲ್ಲಿಯೂ ಇದೇ. ಮೇಜು ಆಡುವುದಿಲ್ಲ, ಆದುದರಿಂದ ಸೋಲುವುದೂ ಇಲ್ಲ. ನನ್ನ ಹದಿನಾಲ್ಕು ಸಾಲಿನ ಪಟ್ಟಿಯಲ್ಲಿ ಈ ಡಬ್ಬಿಗೆ ಒಂದು ಸಾಲೂ ಇರಲಿಲ್ಲ. ಕೈಯಲ್ಲಿನ ಐದೆಲೆಯನ್ನೂ ಕಾಣದ ನಲವತ್ತೇಳೆಲೆಯನ್ನೂ ಎಣಿಸಿದೆ. ಎದುರಿಗಿದ್ದ ಡಬ್ಬಿಯನ್ನು ಎಣಿಸಲಿಲ್ಲ.

ಇನ್ನೊಂದನ್ನೂ ಬಿಟ್ಟಿದ್ದೆ. ಪೋಕರಿನಲ್ಲಿ ಎಲೆಯಿಲ್ಲದೆ ಗೆಲ್ಲುವುದೂ ಒಂದು ಗೆಲುವು. ಬರಿಗೈಯವನು ಧೈರ್ಯವನ್ನು ನಟಿಸಿ ದೊಡ್ಡ ಪಣವನ್ನು ಕಟ್ಟಿ ಇತರರನ್ನು ಹೆದರಿಸಿ ಓಡಿಸಬಹುದು. ಇದು ಕೇವಲ ಪುಂಡತನವಲ್ಲ, ಲೆಕ್ಕಕ್ಕೆ ಸಿಕ್ಕುವ ನೀತಿಯೆಂದು ಫಾನ್ ನಾಯ್ಮನ್ ಎಂಬ ಗಣಿತಜ್ಞನು ಮಾರ್ಗೆನ್‌ಸ್ಟರ್ನ್‌ನೊಡನೆ ೧೯೪೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾನೆ. ಯಾವಾಗಲೂ ಎಲೆಗೆ ತಕ್ಕಂತೆಯೇ ಪಣ ಕಟ್ಟುವವನ ಎಲೆಯನ್ನು ಎಲ್ಲರೂ ಓದಿಬಿಡುತ್ತಾರೆ. ನಮ್ಮ ಮಾವನವರೊ, ಸುಳ್ಳು ಹೇಳಬೇಕಾದಾಗ ಎಡಗಿವಿಯನ್ನು ಕೆರೆದುಕೊಳ್ಳುತ್ತಿದ್ದರು. ಮನೆಯ ಮಕ್ಕಳಿಗೆಲ್ಲ ಅದು ಗೊತ್ತಿತ್ತು. ಪಟ್ಟಿ ಬಂದ ಮೇಲೆ ಅವರು ಇನ್ನೂ ಪ್ರಾಮಾಣಿಕರಾಗಿ ಆಡಿರಬೇಕು. ಅವರು ಹಾಕಿದರೆ ಎಲೆಯಿದೆ, ಹಾಕದಿದ್ದರೆ ಇಲ್ಲ. ಅವರಿಗೆ ಒಳ್ಳೆಯ ಕೈ ಬಂದ ದಿನ ಎದುರಿನ ನಾಲ್ವರು ಮಗುಚಿಟ್ಟು ಬೀಡಿ ಹಚ್ಚುತ್ತಿದ್ದಿರಬಹುದು.

೧೯೭೦ರ ಸಂಕ್ರಾಂತಿಗೆ ನಾನು ತೋಟಕ್ಕೆ ಹೋದಾಗ ಅತ್ತೆಯವರ ಕೈಯಲ್ಲಿ ಗಾಜಿನ ಬಳೆಗಳು ಮಾತ್ರ ಇದ್ದವು. ಎಳ್ಳುಬೆಲ್ಲವನ್ನು ಕೊಡುವಾಗ ಸೆರಗನ್ನು ಮುಂಗೈಯವರೆಗೆ ಎಳೆದುಕೊಂಡರು. ಯಾರೂ ಆ ಮಾತನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದಾದ ಮೇಲೆ ಮಾವನವರು ಕ್ಲಬ್ಬಿನ ಕಡೆ ಹೋಗಲಿಲ್ಲವೆಂದು ಕೇಳಿದ್ದೇನೆ. ರಜೆಯ ಮಳೆಗಾಲದ ರಾತ್ರಿಗಳಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಹುಣಸೆಬೀಜಗಳನ್ನು ಪಣವಾಗಿಟ್ಟು ಇಪ್ಪತ್ತೆಂಟು ಆಡಿಸುತ್ತಿದ್ದರು. ಪೋಕರಿನ ಹೆಸರನ್ನು ಅವರ ಬಾಯಲ್ಲಿ ಮತ್ತೆ ಕೇಳಲಿಲ್ಲ. ಪಟ್ಟಿಯ ವಿಷಯವನ್ನೂ ಕೇಳಲಿಲ್ಲ. ನನಗೆ ಅಧ್ಯಾಪಕನ ಕೆಲಸ ದೊರೆತಾಗ ಊರಿಗೆಲ್ಲ ಸಕ್ಕರೆ ಹಂಚಿದವರು ಅವರೇ.

ಅವರು ತೀರಿಕೊಂಡ ವರ್ಷ ಅತ್ತೆಯವರನ್ನು ನೋಡಲು ಹೋಗಿದ್ದೆ. ಮಾತಿನ ನಡುವೆ, ಯಾವ ಕಹಿಯೂ ಇಲ್ಲದೆ, ಅಕ್ಕಿಯನ್ನು ಆರಿಸುತ್ತಲೇ ಒಂದು ಮಾತು ಹೇಳಿದರು: "ನೀನು ಆ ಕಾಗದ ಬರೆದುಕೊಟ್ಟ ಮೇಲೆ ಅವರಿಗೆ ಭಯ 
ಹೋಗಿಬಿಡ್ತಪ್ಪ. ಮೊದಲು ಶನಿವಾರ ಮಾತ್ರ ಹೋಗೋರು. ಆಮೇಲೆ ಬುಧವಾರಾನೂ ಶುರುವಾಯ್ತು." ಆಗ ನಾನು ಅದನ್ನು ಸುಮ್ಮನೆ ಕೇಳಿ ಬಿಟ್ಟಿದ್ದೆ. ಗಣಿತಕ್ಕೆ ಸಂದ ಒಂದು ಬಗೆಯ ಪ್ರಶಂಸೆಯೆಂದು ಕೂಡ ತೋರಿತ್ತೇನೊ. ಈಗ ಲೆಕ್ಕ ಹಾಕುವಾಗ ಆ ಮಾತು ತಾನಾಗಿಯೇ ತನ್ನ ಜಾಗದಲ್ಲಿ ಬಂದು ಕುಳಿತಿತು. ವಾರಕ್ಕೊಂದು ರಾತ್ರಿ ಎರಡಾದದ್ದು ಹೇಗೆಂದು ಮೇಲೆ ನಾನು ಕೇಳಿಕೊಂಡಿರಲಿಲ್ಲ. ನನ್ನ ತಪ್ಪಾದ ಒಂದು ಸಾಲು ತೆಗೆದದ್ದು ಇಪ್ಪತ್ತೈದೊ ಎಪ್ಪತ್ತೈದೊ. ಸರಿಯಾಗಿದ್ದ ಹದಿಮೂರು ಸಾಲುಗಳು ಸೇರಿಸಿದ್ದು ಒಂದು ಬುಧವಾರ, ವರ್ಷಕ್ಕೆ ೨೦೮ ರೂಪಾಯಿ ಡಬ್ಬಿಗೇ.

ಕಳೆದ ವಾರ ಮೊಮ್ಮಗನು ಬಂದಿದ್ದಾಗ ಹಾಳೆಯನ್ನು ತೋರಿಸಿದೆ. ಅವನು ತನ್ನ ಫೋನಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಅಜ್ಜ, ಇದೊಂದು ತಪ್ಪು, ಉಳಿದದ್ದೆಲ್ಲ ಸರಿ" ಎಂದನು. ಪಟ್ಟಿಯನ್ನು ತನ್ನ ಗೆಳೆಯರಿಗೆ ತೋರಿಸಲು ಒಂದು ಚಿತ್ರ ತೆಗೆದುಕೊಳ್ಳಲೇ ಎಂದು ಕೇಳಿದನು. ಬೇಡವೆಂದೆ. ಮಾವನ ಮಗಳು ಅಂದೇ, "ಒಲೆಗೆ ಹಾಕಿಬಿಡಲೆ ಭಾವ?" ಎಂದು ಕೇಳಿದ್ದಳು, ಅದಕ್ಕೂ ಬೇಡವೆಂದಿದ್ದೆ.

ಹಾಳೆ ಈಗ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ನಿನ್ನೆ ರಾತ್ರಿ ತೆಗೆದು ಒಂಬತ್ತನೆಯ ಸಾಲಿನ ಎರಡು ಗೀಟುಗಳನ್ನು ಹೊಡೆದು, ಪಕ್ಕದಲ್ಲಿ ಕೆಂಪು ಶಾಯಿಯಿಂದ "೪೭ರಲ್ಲಿ ೪" ಎಂದು ಬರೆದೆ. ಬರೆದ ಮೇಲೆ ಪೆನ್ಸಿಲಿನ ಗೀಟುಗಳನ್ನು ಇನ್ನೊಮ್ಮೆ ಎಣಿಸಿದೆ. ಅರುವತ್ತೊಂದೇ. ಕೊನೆಯ ಗೀಟಿಗೆ ಸೊನ್ನೆಯಿಲ್ಲ.